ಪ್ಲಾಸ್ಟಿಕ್ ಕುರ್ಚಿಯ ಮೇಲಿನ ಟವೆಲು

ಸ್ನೇಹಿತರೇ, ಇಂದು ಬೆಳಿಗ್ಗೆ ಅರ್ಜಿಯೊಂದನ್ನು ಕೊಡಲು ನ್ಯಾಮತಿಯ ಕಚೇರಿಯೊಂದಕ್ಕೆ ಹೋಗಿದ್ದೆ. ಅಲ್ಲಿ ದಿನವಿಡೀ ಅರ್ಜಿಗಳ ಮೇಲೆ ಮೊಹರು ಒತ್ತುವ ತಾತ್ಕಾಲಿಕ ಕೆಲಸದಲ್ಲಿ ನನ್ನ ಹಳೆಯ ಶಿಷ್ಯ ರುದ್ರೇಶನಿದ್ದಾನೆ. ಎಂ.ಎ. ಓದಿದವನು, ಮುಂದೆ ಕಾಯಂ ಆದೀತೆಂಬ ಆಸೆಯಿಂದ ಎರಡು ವರ್ಷಗಳಿಂದ ಒತ್ತುತ್ತಲೇ ಇದ್ದಾನೆ. ಇಂದು ಅವನ ಪ್ಲಾಸ್ಟಿಕ್ ಕುರ್ಚಿಯ ಬೆನ್ನಿಗೂ ಸಾಹೇಬರ ಕುರ್ಚಿಗಿರುವಂಥದೇ ಬಿಳಿಯ ಟವೆಲು!

ಹೆಡ್ ಕ್ಲರ್ಕ್ ಕೆಣಕಿದರು: “ಏನಪ್ಪಾ ರುದ್ರೇಶ, ಕಾಯಂ ಆರ್ಡರ್ ಬಂತೇನು? ಟವೆಲ್ ಗಿವೆಲ್ ಜೋರೈತೆ!”

“ಇಲ್ರೀ ಸಾರ್. ಈ ವರ್ಷ ಈ ಜಾಗ ತುಂಬ್ತಾರಂತಲ್ಲ? ಬಸ್ಸಿನಾಗೆ ಕಿಟಕಿಯಿಂದ ಟವೆಲ್ ಹಾಕಿ ಸೀಟ್ ಹಿಡಿಯಲ್ವೇನ್ರೀ, ಹಂಗೆ ಹಾಕೀನಿ.”

ಕಚೇರಿಯೆಲ್ಲ ನಕ್ಕಿತು. ಸಾಹೇಬರೂ ನಕ್ಕರು, ಟವೆಲು ತೆಗೆ ಎನ್ನಲಿಲ್ಲ.

ಹಾಗೆ ಸೀಟು ಹಿಡಿಯುವುದು ಅಶಿಸ್ತೆಂದು ತರಗತಿಯಲ್ಲಿ ಮೂವತ್ತು ವರ್ಷ ಹೇಳಿದವನು ನಾನು. ಬಸ್ಸಿನಲ್ಲಿ ಅಂಥ ಟವೆಲುಗಳನ್ನು ಎತ್ತಿಟ್ಟು ಕುಳಿತು, ಜಗಳವನ್ನೂ ಆಡಿದ್ದೇನೆ. ಮಧ್ಯಾಹ್ನ ಹೊನ್ನಾಳಿಗೆ ಮರಳುವ ಬಸ್ಸಿನಲ್ಲಿ ಒಂದೇ ಸೀಟು ಖಾಲಿಯಿತ್ತು; ಅದರ ಮೇಲೊಂದು ಟವೆಲಿತ್ತು. ಇಂದೇಕೋ ಅದನ್ನು ಮುಟ್ಟಲು ಮನಸ್ಸಾಗದೆ ಊರಿನವರೆಗೂ ನಿಂತೇ ಬಂದೆ.

ನನ್ನ ಮೊಣಕಾಲುಗಳು ಮಾತ್ರ ರುದ್ರೇಶನನ್ನು ಇನ್ನೂ ಕ್ಷಮಿಸಿಲ್ಲ.