ಅತ್ತೆಯ ಫೈರ್‌ವಾಲ್

ಸ್ನೇಹಿತರೇ, ಹೊನ್ನಾಳಿಯ ನಮ್ಮ ಮನೆ ಕಂಪ್ಯೂಟರಿಗೆ ಕಂಡಕಂಡದ್ದು ನುಗ್ಗದಂತೆ ಕಾಯುವ ಫೈರ್‌ವಾಲನ್ನು ಇವತ್ತು ಬೆಳಿಗ್ಗೆ ತೆರೆದು ನೋಡಿದರೆ, ಹೆಸರೇ ಕೇಳದ ಹನ್ನೆರಡು ಪ್ರೋಗ್ರಾಮ್‌ಗಳಿಗೆ ಅನುಮತಿ ಸಿಕ್ಕಿತ್ತು. ಅತ್ತೆ ಹಾಡಿದ ಸೋಬಾನೆ ಪದಗಳೆಲ್ಲ ಇರುವುದು ಆ ಕಂಪ್ಯೂಟರಿನಲ್ಲೇ. ಬೇರೆ ಪ್ರತಿಯಿಲ್ಲ.

“ಅದು ಕೇಳಿದಾಗೆಲ್ಲ ಹೂಂ ಅಂತ ಒತ್ತಿದಿರಾ ಅತ್ತೆ?”

“ಮತ್ತೆ? ಬಾಗ್ಲಾಗೆ ನಿಂತು ಒಳಗೆ ಬರ್ಲಾ ಅಂತ ಕೇಳೋರಿಗೆ ಬ್ಯಾಡ ಅನ್ನಾಕೆ ಬಾಯಿ ಹೆಂಗೆ ಬರ್ತೈತೆ ತಾಯಿ?”

ಅದು ‘ಒಳಗೆ ಬರಲೇ’ ಎಂದು ಕೇಳುತ್ತದೆ ಎಂದು ಹೇಳಿಕೊಟ್ಟವಳು ನಾನೇ. ಯಾರಿಗೆ ಬೇಡ ಎನ್ನಬೇಕೆಂದು ಹೇಳಿರಲಿಲ್ಲ.

ಹನ್ನೆರಡನ್ನೂ ತೆಗೆದು, ಹಾಡುಗಳನ್ನು ಪೆನ್‌ಡ್ರೈವ್‌ಗೆ ಇಳಿಸಿದೆ. ಗದರಲು ಮಾತ್ರ ಆಗಲಿಲ್ಲ. ಇಪ್ಪತ್ತು ವರ್ಷದ ಹಿಂದೆ, ಯಾರಿಗೂ ಹೇಳದೆ ಮದುವೆಯಾಗಿ ನಾನು ಇದೇ ಬಾಗಿಲಲ್ಲಿ ನಿಂತಿದ್ದಾಗ, ಅತ್ತೆಯ ಫೈರ್‌ವಾಲ್ ಸ್ವಲ್ಪ ಗಟ್ಟಿಯಿದ್ದಿದ್ದರೂ ನಾನು ಹೊರಗೇ ಉಳಿಯುತ್ತಿದ್ದೆ.