ಸಾಕ್ಷಿ ಚಳಿಗಾಲಕ್ಕೆ ಬರುತ್ತದೆ

2014ರ ಜನವರಿ 12, ಭಾನುವಾರ. ಆಧಾರ: ನನ್ನ ದಿನಚರಿ, ವಾರವನ್ನು ಆ ವರ್ಷದ ಪಂಚಾಂಗದೊಂದಿಗೆ ತಾಳೆ ನೋಡಿದ್ದೇನೆ. ಮೊದಲ ಸಾಲು ಹೀಗಿದೆ: "ಅಕ್ಕೋರ ತೋರುಬೆರಳಿನ ಉಗುರುಸಂದಿಯಲ್ಲಿ ಇವತ್ತೂ ಕೆಂಪು ಶಾಯಿ." ಆ ಬೆರಳು ಚನ್ನಗಿರಿ ಕಡೆಯ ದೊಡ್ಡ ಕೆರೆಯೊಂದರ ಮರಳುದಿಬ್ಬವನ್ನು ತೋರಿಸುತ್ತಿತ್ತು.

ಅಕ್ಕೋರು ಹೊನ್ನಾಳಿಯಲ್ಲಿ ನಮ್ಮ ಪಕ್ಕದ ಮನೆಯವರು. ನ್ಯಾಮತಿಯ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು. ನನ್ನ ಮಗಳಿಗೆ ಹಳಗನ್ನಡ ಹೇಳಿಕೊಟ್ಟವರಾದ್ದರಿಂದ, ನನಗಿಂತ ಎರಡೇ ವರ್ಷ ಹಿರಿಯರಾದರೂ, ನನಗೂ ಅಕ್ಕೋರೇ. ಹಸ್ತಪ್ರತಿಗಳ ನಡುವೆ ಬದುಕು ಕಳೆದ ನನ್ನ ವೃತ್ತಿಯ ಬಗ್ಗೆ ಅವರಿಗೆ ಗೌರವವಿತ್ತು. ಎಲ್ಲವನ್ನೂ ದಾಖಲೆಯೊಡನೆ ತಾಳೆ ನೋಡುವ ನನ್ನ ಚಾಳಿಯ ಬಗ್ಗೆ ಇರಲಿಲ್ಲ. "ಏನ್ರಿ ಸಂಶೋಧಕರೆ, ಇವತ್ತು ಯಾವ ರಾಜ ಸತ್ತ ತಾರೀಕು ಸರಿಮಾಡಿದ್ರಿ?" ಎಂದು ಕಾಂಪೌಂಡಿನಾಚೆಯಿಂದ ಕೇಳುತ್ತಿದ್ದರು.

ಕಾವ್ಯಗಳ ಅಡಿಟಿಪ್ಪಣಿಯಲ್ಲಿ ಬರುವ "ಒಂದು ಬಗೆಯ ಹಕ್ಕಿ" ಎಂಬ ಅರ್ಥವಿವರಣೆಯನ್ನು ಅವರು ಸಹಿಸುತ್ತಿರಲಿಲ್ಲ. "ನಿಮ್ಮನ್ನ ಒಂದು ಬಗೆಯ ಗಂಡಸು ಅಂತ ಬರೆದ್ರೆ ನಿಮ್ಮ ಮನೆಯೋರು ಒಪ್ತಾರೇನ್ರಿ?" ಎನ್ನುವರು. ನನ್ನ ಹೆಂಡತಿ ಒಳಗಿನಿಂದಲೇ, "ಅಷ್ಟು ಬರೆದ್ರೂ ಜಾಸ್ತಿನೇ ಆತು ಅಕ್ಕೋರೆ" ಎಂದದ್ದುಂಟು.

ಆ ಜನವರಿಯ ಹಿಂದಿನ ಬೇಸಿಗೆಯಲ್ಲಿ ಅವರು ಪರೀಕ್ಷೆಯೊಂದರ ಮೌಲ್ಯಮಾಪನಕ್ಕೆ ಹೋಗಿದ್ದರು. ಪ್ರಶ್ನೆ: ಜಕ್ಕವಕ್ಕಿ ಎಂದರೇನು? ಹಳೆಯ ಕಾವ್ಯಗಳಲ್ಲೂ ಈಗಿನ ಹಕ್ಕಿಪಟ್ಟಿಗಳಲ್ಲೂ ಒಂದೇ ರೂಪದಲ್ಲಿ ಉಳಿದುಬಂದಿರುವ ಅಪರೂಪದ ಪದ ಇದು. ಕವಿಗಳ ಪ್ರಕಾರ ಇದರ ಜೋಡಿ ಹಗಲೆಲ್ಲ ಕೂಡಿದ್ದು, ಸಂಜೆಯಾದೊಡನೆ ಅಗಲಿ, ಒಂದೊಂದು ದಡದಲ್ಲಿ ಕುಳಿತು ಇರುಳೆಲ್ಲ ಕೂಗುತ್ತದೆ. ಮಾದರಿ ಉತ್ತರದಲ್ಲಿ ಇದ್ದದ್ದು: "ಕಾಲ್ಪನಿಕ ಪಕ್ಷಿ." ಹೆಸರಿಲ್ಲದ, ಬರೀ ಸಂಖ್ಯೆಯಿದ್ದ ಉತ್ತರಪತ್ರಿಕೆಯೊಂದರಲ್ಲಿ ಒಂದು ಮಗು ಬರೆದದ್ದು: "ಕಾವಿ ಬಣ್ಣದ ಬಾತು. ಚಳಿಗಾಲಕ್ಕೆ ನಮ್ಮ ಕೆರೆಗೆ ಬರುತ್ತದೆ. ನಾನು ನೋಡಿದ್ದೇನೆ." ಅಕ್ಕೋರು ಪೂರ್ಣ ಅಂಕ ಕೊಟ್ಟರು. ಮುಖ್ಯ ಮೌಲ್ಯಮಾಪಕರು ತಡೆದರು. ಮುಂದಿನ ಮಾತುಕತೆಯನ್ನು ಪಕ್ಕದ ಮೇಜಿನಲ್ಲಿದ್ದ ಶಿಕ್ಷಕರೊಬ್ಬರಿಂದಲೂ ಖಚಿತಪಡಿಸಿಕೊಂಡಿದ್ದೇನೆ.

"ಮೇಡಂ, ಕೀ ಆನ್ಸರ್‌ನಾಗೆ ಹಿಂಗಿಲ್ಲ. ಹೊಡೆದುಹಾಕ್ರಿ."

"ಕೀ ಬರೆದೋರು ಕೆರೆ ನೋಡಿಲ್ಲ ಸರ್. ಈ ಮಗು ನೋಡೈತೆ."

"ಒಂದು ಮಾರ್ಕಿಗೆ ಯಾಕ್ರಿ ಈ ಹಠ? ಹೆಡ್‌ಮಿಸ್ಟ್ರೆಸ್ ಆಗಾಕೆ ನಿಮ್ಮ ಫೈಲು ಮ್ಯಾಲೆ ಹೋಗೈತೆ. ನೋಟಿಸ್ ಬಂದ್ರೆ ಅಲ್ಲೇ ಕೂತ್ಕಂತೈತೆ, ನೋಡ್ರಿ."

"ಕೂತ್ಕಳ್ಳಲಿ ಬಿಡ್ರಿ. ಕೊಟ್ಟ ಅಂಕ ನಾನು ವಾಪಸ್ ತಗಳಲ್ಲ."

ಶಿಕ್ಷಣ ಇಲಾಖೆಯ ಕಚೇರಿಯಿಂದ ನೋಟಿಸ್ ಬಂತು. ಅದಕ್ಕೆ ಅವರು ಬರೆದ ಉತ್ತರ ಎರಡೇ ವಾಕ್ಯದ್ದು: "ಸಾಕ್ಷಿ ಈಗ ಊರಿನಲ್ಲಿಲ್ಲ, ಚಳಿಗಾಲಕ್ಕೆ ಬರುತ್ತದೆ. ಅಲ್ಲಿಯವರೆಗೆ ಕಾಲಾವಕಾಶ ಕೋರುತ್ತೇನೆ." ಇದನ್ನು ಕಚೇರಿಯವರು ಗೇಲಿಯೆಂದು ತಿಳಿದರು. ಅಕ್ಕೋರು ಬರೆದದ್ದು ಅಕ್ಷರಶಃ ನಿಜ. ಹಕ್ಕಿಗಳು ಬೇಸಿಗೆಗೆ ಮುನ್ನವೇ ಉತ್ತರಕ್ಕೆ ಹೋಗಿಬಿಟ್ಟಿರುತ್ತವೆ. ಬಡ್ತಿ ನಿಂತಿತು. ಜಗಳೂರು ತಾಲ್ಲೂಕಿಗೆ ವರ್ಗವಾಯಿತು. "ಅಲ್ಲಿ ನೀರಿಲ್ಲ, ಪಾಪ" ಎಂದು ಮರುಗಿದವರಿಗೆ, "ಕುರಿ ಹಿಂದೆ ಬೆಳ್ಳಕ್ಕಿ ಇರ್ತಾವಲ್ಲ, ಪಾಠ ಮಾಡಾಕೆ ಅವು ಸಾಕು" ಎಂದು ಹೇಳಿ ಬಸ್ಸು ಹತ್ತಿದರು.

ಸಂಕ್ರಾಂತಿ ಹತ್ತಿರವಾದಾಗ ಜಗಳೂರಿನಿಂದ ಬಂದು ನನ್ನ ಬಾಗಿಲು ತಟ್ಟಿದರು. "ಸಾಕ್ಷಿ ಬಂದೈತಂತೆ. ನಡೀರಿ, ನೋಡಿ ಬರೆದುಕೊಡ್ರಿ. ಹೆಂಗೂ ನಿಮ್ಮ ಮಾತು ನಂಬ್ತಾರೆ, ನೀವು ಯಾವತ್ತೂ ಕಾಗದ ಬಿಟ್ಟು ಸ್ವಂತ ಕಣ್ಣಿಂದ ಏನೂ ನೋಡಿದೋರಲ್ಲ."

ಆ ಭಾನುವಾರ ಕೆರೆಯ ಮರಳುದಿಬ್ಬದ ಮೇಲೆ ಎರಡು ಇದ್ದವು: ಕಾವಿಯ ಮೈ, ಮಾಸಲು ತಲೆ. ಹೊತ್ತು ಮುಳುಗುವಾಗ ನಾನು ಕೆಣಕಿದೆ: "ಈಗ ಅಗಲಬೇಕಲ್ಲ, ಅಕ್ಕೋರೆ?"

"ಸುಮ್ನೆ ಕೇಳ್ರಿ."

ಮಬ್ಬಿನಲ್ಲಿ ಹಕ್ಕಿಗಳು ಎದ್ದವು, ಕಣ್ಮರೆಯಾದವು. ತುಸು ಹೊತ್ತಿಗೆ ನಮ್ಮ ದಡದಿಂದ ಒಂದು ಕೂಗು. ಅದಕ್ಕೆ ಉತ್ತರ ಆಚೆ ದಡದಿಂದ. ಮತ್ತೆ ಈಚೆಯಿಂದ.

"ಕೇಳಿದ್ರಾ? ಕವಿ ಕೋಣೆಯಾಗೆ ಕೂತು ಬರೆದಿಲ್ರಿ. ದಡಕ್ಕೆ ಬಂದಾನೆ. ಆ ಮಗೂನೂ ಬಂದೈತೆ."

ನಾನು ಬರೆದು ಸಹಿ ಮಾಡಿದ ಹೇಳಿಕೆಯನ್ನು ಅವರು ಕಚೇರಿಗೆ ಕಳಿಸಿದರು. ಉತ್ತರ ಬರಲಿಲ್ಲ. ಅವರು ಶಿಕ್ಷಕಿಯಾಗಿಯೇ ನಿವೃತ್ತರಾದರು. ಮೌಲ್ಯಮಾಪನಕ್ಕೆ ಮತ್ತೆ ಕರೆ ಬರಲಿಲ್ಲ. "ಬೇಸಿಗೆ ರಜೆ ಕೊಟ್ರಲ್ಲ, ಪುಣ್ಯಾತ್ಮರು" ಎನ್ನುತ್ತಿದ್ದರು. ಆ ಮಗು ಯಾರೆಂದು ಅವರಿಗೆ ಕಡೆಯವರೆಗೂ ತಿಳಿಯಲಿಲ್ಲ.

ಹೋದ ಮಳೆಗಾಲದಲ್ಲಿ ಅಕ್ಕೋರು ತೀರಿಕೊಂಡರು. ಇದನ್ನು ಬರೆಯುವ ಮುನ್ನ, ನನ್ನ ಚಾಳಿಯಂತೆ, ಆ ಚಳಿಗಾಲದ ನೀರುಹಕ್ಕಿಗಳ ಗಣತಿಯ ಒಂದು ಪ್ರತಿಯನ್ನು ತರಿಸಿ ನೋಡಿದೆ. ಅದೇ ಕೆರೆ, ಅದೇ ಭಾನುವಾರ. ಜಕ್ಕವಕ್ಕಿಯ ಮುಂದೆ ಬರೆದಿರುವುದು: "ಇಲ್ಲ."

ಆ ನಮೂದನ್ನು ಇಲ್ಲಿ ಮುಚ್ಚಿಡದೆ ದಾಖಲಿಸಿದ್ದೇನೆ. ಎರಡು ದಡಗಳಿಂದಲೂ ಕೂಗು ಕೇಳಿದವನು ನಾನು. ಕೊಟ್ಟ ಅಂಕವನ್ನು ನಾನೂ ವಾಪಸ್ ತೆಗೆದುಕೊಳ್ಳುವುದಿಲ್ಲ.