ಗೋಲಿನ ಬಲೆಯೊಳಗೆ ಅಂಪೈರ್

ನಾನಾಗ ಹೊನ್ನಾಳಿಯ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕ. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಅಂತರ ಕಾಲೇಜು ಹಾಕಿ ಫೈನಲ್‌ಗೆ ಅಂಪೈರಾಗಿ ಚನ್ನಗಿರಿಗೆ ಹೋಗಿದ್ದೆ. ಆ ಊರಿನ ತಂಡಕ್ಕೆ ಜಗಳೂರಿನವರು ಎದುರಾಳಿ. ಚನ್ನಗಿರಿ ತಂಡದ ಕೋಚ್ ಹಾಲೇಶಪ್ಪ ಒಂದು ಕಾಲಕ್ಕೆ ಬ್ಯಾಂಕೊಂದರ ತಂಡದಲ್ಲಿ ಸಂಬಳಕ್ಕೆ ಆಡಿದ, ಹಿಂದೆ ನಿಂತು ದಾಳಿ ತಡೆಯುವ ಫುಲ್‌ಬ್ಯಾಕ್. ಬಾಯಿ ಮಾತ್ರ ಬಲು ಕೆಟ್ಟದ್ದು. ಅಂದೂ ಗೆರೆಯಾಚೆ ನಿಂತು ಆಟದುದ್ದಕ್ಕೂ ನನಗೆ ಮಂಗಳಾರತಿ ಎತ್ತುತ್ತಲೇ ಇದ್ದರು.

ಜಗಳೂರು ಒಂದು ಗೋಲು ಮುಂದಿತ್ತು. ಕೊನೆಯ ನಿಮಿಷದಲ್ಲಿ ಚನ್ನಗಿರಿಯ ಹುಡುಗನೊಬ್ಬ ದೂರದಿಂದ ಬೀಸಿದ ಚೆಂಡು ಗೋಲಿನೊಳಗಿನ ಹಲಗೆಗೆ ಬಡಿಯಿತು. ಗೋಲಿನ ಮುಂದಿನ ‘ಡಿ’ ಎಂಬ ಅರ್ಧವೃತ್ತದೊಳಗೆ, ದಾಳಿ ಮಾಡುವ ತಂಡದವರ ಸ್ಟಿಕ್ ಚೆಂಡಿಗೆ ತಾಗಿರಲೇಬೇಕು. ಇಲ್ಲವಾದರೆ ಅದು ಗೋಲಲ್ಲ. ಒಳಗಿದ್ದ ಫಾರ್ವರ್ಡ್ ಸ್ಟಿಕ್ ಚಾಚಿದ್ದು ನಿಜ, ಆದರೆ ತಾಗಿರಲಿಲ್ಲ. ಗೋಲಿಲ್ಲ ಎಂದೆ. ಆಟ ಮುಗಿಯಿತು.

ಮೊದಲ ಕಲ್ಲು ಕಿವಿಗೆ ಬಿತ್ತು. ಎರಡನೆಯದು ಬಾಯಿಗೆ, ಎರಡು ಹಲ್ಲು ನಾಲಿಗೆಯ ಮೇಲೆ ಉದುರಿದವು. ಜನ ಹಗ್ಗ ದಾಟಿ ನುಗ್ಗಿದರು. ಇನ್ನೊಬ್ಬ ಅಂಪೈರ್ ಅಷ್ಟರಲ್ಲಿ ಕಾಂಪೌಂಡ್ ಹಾರಿಯಾಗಿತ್ತು. ಯಾರೋ ಮೂಲೆಯ ಬಾವುಟದ ಕೋಲು ಕಿತ್ತು ನನ್ನ ಬೆನ್ನಿಗೆ ಬಾರಿಸಿದ. ಬಿದ್ದವನ ಪಕ್ಕೆಗೆ ಒದೆಗಳು ಬೀಳತೊಡಗಿದವು.

“ಕೈ ಮುರೀರಲೇ! ಇನ್ನ ಸೀಟಿ ಹಿಡಿಯಾಕೆ ಆಗಬಾರದು!”

ಇಲ್ಲೇ ನನ್ನ ಕಥೆ ಮುಗಿಯಿತು ಎಂದುಕೊಂಡೆ. ನಾಚಿಕೆ ಬಿಟ್ಟು ಅಳುತ್ತಿದ್ದೆ. ಆಗ ಒಂದು ಕೈ ಕಾಲರ್ ಹಿಡಿದು ನನ್ನನ್ನು ದರದರನೆ ಎಳೆಯಿತು. ಹಾಲೇಶಪ್ಪ! ಇವರದೂ ಒಂದು ಬಾಕಿಯಿತ್ತು ಎಂದು ಕಣ್ಣು ಮುಚ್ಚಿದೆ. ಅವರು ತಮ್ಮ ಗೋಲ್‌ಕೀಪರನ ಹೆಲ್ಮೆಟ್ ಕಿತ್ತು ನನ್ನ ತಲೆಗೆ ತುರುಕಿ, ಗೋಲಿನ ಬಲೆಯೊಳಗೆ ನೂಕಿದರು.

“ಗೋಲ್ ಮುಂದೆ ನಿಂತ್ಕಳ್ರಲೇ! ಪೆನಾಲ್ಟಿ ಕಾರ್ನರ್‌ಗೆ ಹೆಂಗೆ ನಿಲ್ತೀರಿ, ಹಂಗೆ!” ಎಂದು ತಮ್ಮ ಹುಡುಗರ ಮೇಲೆ ಗುಡುಗಿದರು.

“ಸಾರ್, ಇವರಿಂದಾನೇ ಸೋತಿದ್ದು,” ಎಂದ ಕ್ಯಾಪ್ಟನ್.

ಅವನ ಕೆನ್ನೆಗೆ ಫಟಾರನೆ ಬಿತ್ತು. “ಅದನ್ನ ಆಮ್ಯಾಲೆ ನೋಡಾಣ. ಈಗ ಒಬ್ಬನೂ ಒಳಗೆ ಬರಬಾರದು.”

ಹುಡುಗರು ಸ್ಟಿಕ್ ಅಡ್ಡ ಹಿಡಿದು ನಿಂತರು. ನುಗ್ಗುತ್ತಿದ್ದವರು ಅವರದೇ ಊರಿನವರು. ಕೆಲವರು ಹಾಲೇಶಪ್ಪನವರ ಹಳೆಯ ಶಿಷ್ಯರು. ಕಬ್ಬಿಣದ ರಾಡೊಂದು ನನ್ನತ್ತ ಬೀಸಿ ಬಂತು. ಹಾಲೇಶಪ್ಪ ಬಲಗೈ ಒಡ್ಡಿದರು. ಮೂಳೆ ಮುರಿದದ್ದು ಬಲೆಯೊಳಗಿದ್ದ ನನಗೂ ಕೇಳಿಸಿತು. ಅವರು ಕದಲಲಿಲ್ಲ. ಎಡಗೈಯಲ್ಲೇ ಆ ರಾಡಿನವನ ಕೂದಲು ಹಿಡಿದು ನೆಲಕ್ಕೆ ಕೆಡವಿ, ಪೊಲೀಸರು ಬರುವವರೆಗೂ ಎದೆಯ ಮೇಲೆ ಮೊಣಕಾಲೂರಿ ಕೂತರು.

ಮರುದಿನ ಆಸ್ಪತ್ರೆಯಲ್ಲಿ ನನಗೆ ಅವರ ಪಕ್ಕದ ಹಾಸಿಗೆಯೇ ಸಿಕ್ಕಿತು. ಅವರು ಎಡಗೈಯಲ್ಲಿ ಸೊಟ್ಟಪಟ್ಟ ಸಹಿ ಹಾಕುತ್ತಿದ್ದರು. ಅದು ನನ್ನ ತೀರ್ಪಿನ ವಿರುದ್ಧದ ದೂರು!

“ಈಗಾದ್ರೂ ಹೇಳ್ರಿ. ಅದು ಗೋಲು ಹೌದೋ ಅಲ್ವೋ?”

ಜೀವ ಉಳಿಸಿದವರು ಕೇಳುತ್ತಿದ್ದಾರೆ. ‘ಇರಬಹುದು’ ಎಂದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ಸ್ಟಿಕ್ ತಾಗಿರಲಿಲ್ಲ.

“ಅಲ್ಲ ಸಾರ್,” ಎಂದೆ.

ದುರುಗುಟ್ಟಿ ನೋಡಿದರು. “ಈ ಕೈ ನೋಡಿ ಹೌದು ಅಂದಿದ್ರೆ, ಇನ್ನೊಂದು ಕೈಯಾಗೆ ನಾನೇ ಬಾರಿಸ್ತಿದ್ದೆ,” ಎಂದು ದೂರನ್ನು ಮಡಚಿ ಪಂದ್ಯಾವಳಿಯ ಸಮಿತಿಗೆ ಕಳಿಸಿಯೇಬಿಟ್ಟರು. ಸಮಿತಿ ಅದನ್ನು ತಳ್ಳಿಹಾಕಿತು.

ಋಣವೇ ಬೇರೆ, ತೀರ್ಪೇ ಬೇರೆ ಎಂಬುದನ್ನು ಅಂಪೈರ್ ಕೆಲಸ ನನಗೆ ಕಲಿಸಿದ್ದು ಹೀಗೆ. ಕಳೆದ ವರ್ಷ ಅವರು ತೀರಿಕೊಂಡರು. ಅವರ ಹುಟ್ಟೂರು ನ್ಯಾಮತಿಯ ಮನೆಯ ಮುಂದೆ, ಆ ದೇಹದ ಎದುರು ಕೈಮುಗಿದು ನಿಂತಾಗಲೂ ಅದು ಗೋಲು ಎನ್ನಲು ನನಗೆ ಬಾಯಿ ಬರಲಿಲ್ಲ. ಅಳು ಮಾತ್ರ ತಡೆಯಲಾಗಲಿಲ್ಲ.